ಮಂಗನ ಕಾಯಿಲೆ: ಕೆಲಸ ಮಳೆಗಾಲದಲ್ಲೇ ಶುರುವಾಗಲಿ

ನಮ್ಮ ಸಾಗರ ಸೀಮೆಯಲ್ಲಿ ಅಡಿಕೆ ಕೊಯ್ಲು ಮುಗಿಯುತ್ತಾ ಬಂದಂತೆ ದರಕಿನ ಕೆಲಸ ಶುರುವಾಗುತ್ತದೆ. ದರಕು ಅಂದರೆ ಒಣ ಎಲೆ. ನಿಮ್ಮ ಕಡೆ ತರಗು ಅನ್ನಬಹುದು. ಸೊಪ್ಪಿನ ಬೆಟ್ಟದಲ್ಲಿ, ಕಾಡಿನ ಅಂಚಿನಲ್ಲಿ ಗುಡಿಸಿ ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸುತ್ತೇವೆ. ದನ ತುಳಿದದ್ದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಇದು ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ತೋಟ ಉಳಿದಿರುವುದೇ ಇದರಿಂದ ಅಂದರೂ ತಪ್ಪಿಲ್ಲ.

ಆದರೆ ಮಂಗನ ಕಾಯಿಲೆ ಜೋರಾಗುವುದೂ ಇದೇ ತಿಂಗಳುಗಳಲ್ಲಿ. ಮಂಗ ಸತ್ತು ಬಿದ್ದ ಸುದ್ದಿ ಪೇಪರಿನಲ್ಲಿ ಬಂದ ಮೇಲೆ ನಾವು ಎಚ್ಚರಗೊಳ್ಳುತ್ತೇವೆ, ಎಣ್ಣೆ ಕೇಳುತ್ತೇವೆ, ಕಾಡಿಗೆ ಹೋಗುವುದು ಬೇಡ ಅನ್ನುತ್ತೇವೆ. ಅಷ್ಟು ಹೊತ್ತಿಗೆ ಉಣುಗಿನ ಸಂತಾನ ಕಾಡಿನ ತುಂಬ ಹರಡಿ ಆಗಿರುತ್ತದೆ. ನಾಲ್ಕು ದನ ಸಾಕಿಕೊಂಡು, ಸಣ್ಣ ಅಡಿಕೆ ತೋಟ ನೋಡಿಕೊಂಡು ಇಷ್ಟು ವರ್ಷ ಕಂಡದ್ದರಲ್ಲಿ, ವೈದ್ಯರಿಂದ ಮತ್ತು ಪಶುವೈದ್ಯರಿಂದ ಕೇಳಿ ತಿಳಿದದ್ದರಲ್ಲಿ, ನನಗೆ ಮುಖ್ಯ ಅನ್ನಿಸಿದ್ದು ಒಂದೇ ವಿಷಯ. ಈ ಕಾಯಿಲೆ ತಡೆಯುವ ಕೆಲಸದಲ್ಲಿ ದನ ಸಾಕುವವರ ಪಾಲು ದೊಡ್ಡದು, ಆ ಕೆಲಸ ಶುರು ಮಾಡಬೇಕಾದ್ದು ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ.

ಕ್ಯಾಸನೂರಿನಿಂದ ಇಲ್ಲಿವರೆಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯವರಿಗೂ ಭಾರಿ ಜ್ವರ ಬಂತು. ಮಂಗ ಸಾಯುವುದು ಕಂಡು ದಕ್ಷಿಣ ಅಮೆರಿಕದ ಹಳದಿ ಜ್ವರವೇ ಇಲ್ಲಿಗೂ ಬಂತೇನೋ ಎಂದು ಮೊದಲು ಅನುಮಾನಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಬಂದು ಪರೀಕ್ಷೆ ಮಾಡಿದಾಗ ಅದು ಜಗತ್ತಿನಲ್ಲಿ ಎಲ್ಲೂ ಕಾಣದ ಹೊಸ ವೈರಸ್ ಎಂದು ಗೊತ್ತಾಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ನೆಂಟ. ಊರಿನ ಹೆಸರೇ ರೋಗಕ್ಕೂ ಬಂತು. ನಮ್ಮ ಜನ ಮಾತ್ರ ಮಂಗನ ಕಾಯಿಲೆ ಅಂತಲೇ ಕರೆದರು.

ಬಹಳ ವರ್ಷ ಇದು ಸಾಗರ, ಸೊರಬದ ಕಾಯಿಲೆ ಎಂದೇ ಉಳಿದವರು ತಿಳಿದಿದ್ದರು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡುವುದಕ್ಕೆ ಕಾಡು ಕಡಿದ ಜಾಗದ ಸುತ್ತ ಕಾಣಿಸಿಕೊಂಡಿತು. 2012ರ ಕೊನೆಯಲ್ಲಿ ಬಂಡೀಪುರದ ಕಡೆ ಬಂತು. ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2018-19ರಲ್ಲಿ ನಮ್ಮ ತಾಲೂಕಿನ ಅರಲಗೋಡು ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಸಾವು ಕಂಡಿತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನವರು ಬಹಳ ಕಷ್ಟಪಟ್ಟರು. ಅಂದರೆ ಪಶ್ಚಿಮ ಘಟ್ಟದ ಅಂಚಿನಲ್ಲಿ ದನ ಸಾಕುವ ಯಾರೂ "ಇದು ನಮ್ಮ ಊರಿನದಲ್ಲ" ಅಂತ ಕೂರುವ ಹಾಗಿಲ್ಲ.

ಉಣುಗಿನ ಮೂರು ಊಟ

ರೋಗ ತಿಳಿಯಬೇಕಾದರೆ ಮೊದಲು ಉಣುಗಿನ ಬಾಳು ತಿಳಿಯಬೇಕು. ಈ ರೋಗ ಹರಡುವ ಮುಖ್ಯ ಉಣುಗಿನ ಶಾಸ್ತ್ರೀಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದು ಜೀವಮಾನದಲ್ಲಿ ಮೂರು ಸಲ ಮಾತ್ರ ರಕ್ತ ಕುಡಿಯುತ್ತದೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯಿಂದ.

ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು. ಗಸಗಸೆಯಷ್ಟೂ ಇರುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ ಇಲಿ, ಮೂಗಿಲಿ, ಅಳಿಲು, ನೆಲದ ಮೇಲೆ ಓಡಾಡುವ ಹಕ್ಕಿ, ಮಂಗ, ಹೀಗೆ ಸಿಕ್ಕಿದ್ದಕ್ಕೆ ಹತ್ತಿಕೊಂಡು ಮೊದಲ ಊಟ ಮಾಡುತ್ತದೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಅದು ಮರಿಯ ಹೊಟ್ಟೆ ಸೇರುತ್ತದೆ.

ಊಟವಾದ ಮರಿ ನೆಲಕ್ಕೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಗಾತ್ರ ಒಂದು ರಾಗಿಕಾಳಿನಷ್ಟು. ಒಮ್ಮೆ ಒಳಗೆ ಹೋದ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ. ಈ ಎಳೆ ಉಣುಗು ನವೆಂಬರಿನಿಂದ ಮೇ ತನಕ ದರಕಿನ ಮೇಲೆ, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾಯುತ್ತಿರುತ್ತದೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಇದೇ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಎರಡನೇ ಊಟವಾದ ಮೇಲೆ ಮತ್ತೆ ನೆಲಕ್ಕೆ ಬಿದ್ದು ಬಲಿತ ಉಣುಗಾಗುತ್ತದೆ. ಮಳೆ ಹಿಡಿದ ಮೇಲೆ, ಜೂನಿನಿಂದ ಸೆಪ್ಟೆಂಬರ್ ತನಕ, ಇದು ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ. ಕಾಡಿನಲ್ಲಾದರೆ ಕಡವೆ, ಕಾಡುಕೋಣ. ಊರಿನ ಅಂಚಿನಲ್ಲಾದರೆ ಮೇಯಲು ಬಿಟ್ಟ ನಮ್ಮ ದನ, ಎಮ್ಮೆ. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣುಗುಂಡು ಕೆಳಗೆ ಬಿದ್ದು ದರಕಿನ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಅಲ್ಲಿಗೆ ಒಂದು ಸುತ್ತು.

ಈಗ ಲೆಕ್ಕ ಹಾಕಿ. ಆಷಾಢದಲ್ಲಿ ದನದ ಕಿವಿಯಲ್ಲಿ ಕೂತ ಒಂದು ಹೆಣ್ಣು ಉಣುಗನ್ನು ಸಾಯಿಸಿದರೆ, ಮುಂದಿನ ದರಕಿನ ಕಾಲಕ್ಕೆ ಬೆಟ್ಟದಲ್ಲಿ ಕಾಯುವ ಉಣುಗಿನಲ್ಲಿ ಎಷ್ಟು ಕಡಿಮೆಯಾಗುತ್ತದೆ? ಜನವರಿಯಲ್ಲಿ ಅಷ್ಟನ್ನೇ ಕಾಡಿನಲ್ಲಿ ಹುಡುಕಿ ಕೊಲ್ಲುವುದು ಯಾರಿಂದಲಾದರೂ ಆಗುವ ಕೆಲಸವೇ?

ದನದ ತಪ್ಪೇನೂ ಇಲ್ಲ

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ದನಕ್ಕೆ ಮಂಗನ ಕಾಯಿಲೆ ಬಂದು ನರಳುವುದಿಲ್ಲ. ದನದ ಹಾಲಿನಿಂದ, ಸಗಣಿಯಿಂದ ಈ ರೋಗ ಬಂದ ಉದಾಹರಣೆಯೂ ಇಲ್ಲ. ಹಾಲು ಕಾಯಿಸಿ ಕುಡಿಯುವ ನಮ್ಮ ರೂಢಿ ಹೇಗೂ ಒಳ್ಳೆಯದೇ. ದನ ಉಣುಗಿಗೆ ಊಟ ಕೊಡುತ್ತದೆ, ಉಣುಗಿನ ಸಂಖ್ಯೆ ಬೆಳೆಯುವುದಕ್ಕೆ ದಾರಿಯಾಗುತ್ತದೆ, ಅಷ್ಟೆ. ಆದ್ದರಿಂದ ಹೆದರಿ ದನ ಮಾರುವುದು ಪರಿಹಾರವಲ್ಲ. ದನದ ಮೈ ಸ್ವಚ್ಛ ಇಡುವುದು ಪರಿಹಾರ.

ಕೊಟ್ಟಿಗೆಯಲ್ಲಿ ನಾವು ದಿನಾ ನೋಡುವ ಉಣುಗೆಲ್ಲ ಮಂಗನ ಕಾಯಿಲೆಯದ್ದೂ ಅಲ್ಲ. ಹರಳುಬೀಜದ ಹಾಗೆ ಉಬ್ಬಿ ಕೂರುವ ಸಾಮಾನ್ಯ ದನದ ಉಣುಗು ಬೇರೆ ಜಾತಿ. ಅದು ದನಗಳಿಗೆ ಬೆಬೀಸಿಯಾ ತರುತ್ತದೆ; ಮೂತ್ರ ಕಾಫಿ ಬಣ್ಣ ಆಗುತ್ತದಲ್ಲ, ಆ ಜ್ವರ. ಜರ್ಸಿ, ಎಚ್‌ಎಫ್ ಮಿಶ್ರತಳಿಗಳನ್ನು ಮಲಗಿಸುವ ಥೈಲೇರಿಯಾ ತರುವುದು ಇನ್ನೊಂದು ಜಾತಿಯ ಉಣುಗು. ಯಾವುದು ಯಾವ ಜಾತಿ ಅಂತ ನಮಗೆ ಕಣ್ಣಲ್ಲಿ ಹೇಳಲಿಕ್ಕಾಗುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಎಲ್ಲದಕ್ಕೂ ಮದ್ದು ಒಂದೇ. ಮನುಷ್ಯನಿಗಾಗಿ ಮಾಡುವ ಖರ್ಚು ಹಾಲಿನ ಲೆಕ್ಕದಲ್ಲೂ ವಾಪಸ್ಸು ಬರುತ್ತದೆ.

ಮಳೆಗಾಲದ ಕೆಲಸ

ನಾನು ಮಾಡುವ ಕ್ರಮ ಹೇಳುತ್ತೇನೆ.

1. ಮಳೆ ಹಿಡಿದ ಕೂಡಲೇ ವಾರಕ್ಕೆ ಎರಡು ಸಲ ದನದ ಮೈ ತಡವಿ ನೋಡುವುದು. ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲ ಸಂದಿ, ಮುಂಗಾಲಿನ ಸಂದಿ, ಗಂಗೆದೊಗಲು, ಇವು ಉಣುಗು ಅಡಗುವ ಜಾಗ.

2. ಬೆನ್ನಿಗೆ ಹೊಯ್ಯುವ ಫ್ಲುಮೆಥ್ರಿನ್ ಔಷಧಿ ಮಳೆಗಾಲಕ್ಕೆ ಅನುಕೂಲ. ಶೇಕಡಾ 1ರ ಔಷಧಿಯಾದರೆ 10 ಕಿಲೋ ತೂಕಕ್ಕೆ 1 ಮಿಲಿಯಂತೆ ಹೆಗಲಿನಿಂದ ಬಾಲದವರೆಗೆ ಬೆನ್ನೆಲುಬಿನ ಗುಂಟ ಹೊಯ್ಯಬೇಕು. ಸಿಂಪಡಿಸುವ ಔಷಧಿ ಬೇರೆ ಬೇರೆ ಇವೆ. ಅಳತೆ ಪಶುವೈದ್ಯರನ್ನು ಕೇಳಿಯೇ ಮಾಡಿ. ಸಿಂಪಡಿಸುವ ಮೊದಲು ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಗಾಯ ಇದ್ದಲ್ಲಿ ತಾಗಿಸಬೇಡಿ, ಮೈ ಒಣಗುವ ತನಕ ನೆಕ್ಕಲು ಬಿಡಬೇಡಿ. ಔಷಧಿ ನೀರು ಹಳ್ಳಕ್ಕೆ, ಬಾವಿಗೆ ಹೋಗಬಾರದು.

3. ಐವರ್‌ಮೆಕ್ಟಿನ್ ಚುಚ್ಚುಮದ್ದು ಉಣುಗಿಗೆ ಒಳ್ಳೆಯದೇ. ಆದರೆ ಮದ್ದು ಹಾಲಿನಲ್ಲಿ ಬರುತ್ತದೆ. ಹಾಲು ಕರೆಯುವ ಹಸುವಿಗೆ ಹಾಕಿಸಬೇಡಿ. ಗೊಡ್ಡು ದನ, ಹೋರಿಗಳಿಗೆ ಡಾಕ್ಟರನ್ನು ಕೇಳಿ ಹಾಕಿಸಬಹುದು.

4. ಕೊಟ್ಟಿಗೆಯ ಎಲ್ಲ ದನಕ್ಕೂ ಒಂದೇ ದಿನ ಮದ್ದು. ನಾಯಿಗೂ ಬಿಡಬೇಡಿ, ಅದಕ್ಕೆ ಹೊಂದುವ ಮದ್ದು ಬೇರೆ ಇರುತ್ತದೆ, ಕೇಳಿ ತನ್ನಿ. ಸಾಧ್ಯವಾದರೆ ಇಡೀ ಕೇರಿಯವರು ಒಟ್ಟಿಗೆ ಮಾಡಿ. ಒಂದೇ ಬೆಟ್ಟಕ್ಕೆ ಮೇಯಲು ಹೋಗುವ 40 ದನಗಳಲ್ಲಿ 4ಕ್ಕೆ ಮದ್ದು ಹಾಕಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಎಷ್ಟು ದಿನಕ್ಕೆ ಮತ್ತೊಮ್ಮೆ ಹಾಕಬೇಕು ಎಂಬುದು ಔಷಧಿಯ ಮೇಲೆ ಹೋಗುತ್ತದೆ.

5. ಗೋಡೆಯ ಬಿರುಕು, ಗೊಂತಿನ ಸಂದಿ ಮುಚ್ಚಿ ಸುಣ್ಣ ಹೊಡೆಸಿ.

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಹಚ್ಚುವವರಿದ್ದಾರೆ. ಸ್ವಲ್ಪ ತಡೆಯುತ್ತದೆ, ಹಚ್ಚಬಹುದು. ಅದನ್ನೇ ನಂಬಿ ಕೂರಬಾರದು.

ಇನ್ನೊಂದು ರೂಢಿ ಮಾತ್ರ ಬಿಡಲೇಬೇಕು. ದನದ ಮೈಯಿಂದ ಉಣುಗು ಕಿತ್ತು ಉಗುರಲ್ಲಿ ಒರೆಸುವುದು, ಕಲ್ಲಿನ ಮೇಲೆ ಕುಟ್ಟುವುದು. ಬೆರಳಿನಲ್ಲಿ ಸಣ್ಣ ಗಾಯ ಇದ್ದರೆ ಉಣುಗಿನ ರಸ ನೇರ ಒಳಗೆ ಹೋಗುತ್ತದೆ. 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡ ಕ್ರಿಮಿಯನ್ ಕಾಂಗೋ ಜ್ವರವೂ ಜಾನುವಾರು ಉಣುಗಿನದ್ದೇ. ಅದು ಉಣುಗನ್ನು ಒರೆಸುವುದರಿಂದ, ಜಾನುವಾರಿನ ರಕ್ತ ಮುಟ್ಟುವುದರಿಂದಲೂ ಬರುತ್ತದೆ. ನಮ್ಮ ಮಂಗನ ಕಾಯಿಲೆಯ ಅಣ್ಣತಮ್ಮನಂಥ ವೈರಸ್ ಒಂದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾಯಿತು, ಅದೂ ಕುರಿ ಕಡಿಯುವ ಕೆಲಸದವರಲ್ಲಿ. ಕೈಗೆ ಗ್ಲೌಸ್ ಹಾಕಿ ಇಕ್ಕಳದಲ್ಲಿ ಕೀಳಿ, ಸೀಮೆಎಣ್ಣೆ ಅಥವಾ ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ, ಕೈಗೆ ಸೋಪು ಹಚ್ಚಿ ತೊಳೆಯಿರಿ. ಇಷ್ಟು ಸಾಕು.

ದರಕು ನಮಗೆ, ಉಣುಗು ಯಾರಿಗೆ?

ಸ್ವಲ್ಪ ಕಹಿಯಾದರೂ ಹೇಳಬೇಕಾದ ಮಾತು. ತೋಟ ನಮ್ಮದು, ಗೊಬ್ಬರ ನಮಗೆ. ಆದರೆ ದರಕು ಗುಡಿಸಿ ತಲೆ ಮೇಲೆ ಹೊತ್ತು ತರುವವರಲ್ಲಿ ಹೆಚ್ಚಿನವರು ಕೂಲಿಗೆ ಬರುವ ಹೆಣ್ಣುಮಕ್ಕಳು. ದನ ಕಾಯುವವರು ವಯಸ್ಸಾದವರು ಅಥವಾ ಶಾಲೆ ಬಿಟ್ಟ ಹುಡುಗರು. ಕಚ್ಚಿಸಿಕೊಳ್ಳುವವರು ಅವರು. ಜ್ವರ ಬಂದರೆ ಎರಡು ಮೂರು ವಾರದ ಕೂಲಿ ಹೋಯಿತು, ಆಸ್ಪತ್ರೆಗೆ ಓಡಾಡುವುದಕ್ಕೆ ಸಾಲ ಆಯಿತು. ಪಕ್ಕದ ಕೇರಿಯ ಒಬ್ಬಳು ನನ್ನ ಹೆಂಡತಿಗೆ ಹೇಳಿದ್ದು ಇಷ್ಟೇ: "ಅಮ್ಮಾ, ಕಾಡಿಗೆ ಹೋಗ್ಬೇಡ ಅಂತ ಎಲ್ರೂ ಹೇಳ್ತಾರೆ. ಹೋಗ್ದಿದ್ರೆ ಕೂಲಿ ಯಾರು ಕೊಡ್ತಾರೆ ಅಂತ ಯಾರೂ ಹೇಳಲ್ಲ." ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸರಕಾರದವರು ಮಾತ್ರ ಅಲ್ಲ, ಕೆಲಸ ಹೇಳುವ ನಾವು.

ಡಿಸೆಂಬರಿನಿಂದ ಮೇ ತನಕ ಕಾಡಿನ ದರಕನ್ನು ಎಷ್ಟು ಕಡಿಮೆ ಮಾಡಬಹುದು ಎಂದು ಪ್ರತಿ ಮನೆಯಲ್ಲೂ ಲೆಕ್ಕ ಹಾಕಬೇಕು. ಕೊಟ್ಟಿಗೆಗೆ ಹಾಸಲು ಅಡಿಕೆ ಸಿಪ್ಪೆ, ಕತ್ತರಿಸಿದ ಸೋಗೆ ಮತ್ತು ಹಾಳೆ, ಭತ್ತದ ಹುಲ್ಲಿನ ಉಳಿಕೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಎಲ್ಲ ನಡೆಯುತ್ತದೆ. ಕೆಲವರು ರಬ್ಬರ್ ಹಾಸು ಹಾಕಿ ಸಗಣಿಯನ್ನು ನೇರ ಗೊಬ್ಬರ ಗುಂಡಿಗೆ, ಗೋಬರ್ ಗ್ಯಾಸಿಗೆ ಬಿಡುತ್ತಿದ್ದಾರೆ. ಬೇಲಿ ಸಾಲಿನಲ್ಲಿ ಗ್ಲಿರಿಸಿಡಿಯಾ ನೆಟ್ಟರೆ ಎರಡು ಮೂರು ವರ್ಷದಲ್ಲಿ ಹಸಿರು ಸೊಪ್ಪು ಮನೆ ಬಾಗಿಲಲ್ಲೇ ಸಿಗುತ್ತದೆ. ಸೋಗೆ ಕತ್ತರಿಸುವ, ಗ್ಲಿರಿಸಿಡಿಯಾ ಸವರುವ ಕೆಲಸವನ್ನು ಅದೇ ಹೆಣ್ಣುಮಕ್ಕಳಿಗೆ ಕೊಟ್ಟರೆ ಅವರ ಕೂಲಿಯೂ ಉಳಿಯಿತು, ಜೀವವೂ ಉಳಿಯಿತು.

ಹೋಗಲೇಬೇಕಾದರೆ

ಆಸುಪಾಸಿನಲ್ಲಿ ಮಂಗ ಸತ್ತಿದ್ದರೆ ಆ ಭಾಗಕ್ಕೆ ಹೋಗುವುದೇ ಬೇಡ, ದನವನ್ನೂ ಅಟ್ಟುವುದು ಬೇಡ. ಉಳಿದ ಕಡೆ ಹೋಗಲೇಬೇಕಾದರೆ:

ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ ಸೇರಲಿ, ಮೇಲೆ ಗಂಬೂಟು. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಕಾಣುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು (ಹಿಂದೆ ಡಿಎಂಪಿ ಎಣ್ಣೆ ಬರುತ್ತಿತ್ತು) ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಅದರ ಗುಣ ಕೆಲವು ಗಂಟೆ ಮಾತ್ರ. ಬೆಳಿಗ್ಗೆ ಹಚ್ಚಿದ್ದು ಸಂಜೆ ತನಕ ಕಾಯುವುದಿಲ್ಲ. ದರಕಿನ ಮೇಲೆ ಕೂತು ಬುತ್ತಿ ಉಣ್ಣುವುದು, ಮಲಗುವುದು ಬೇಡ.

ಮನೆಗೆ ಬಂದವರು ಬಟ್ಟೆಯನ್ನು ಹೊರಗೇ ಬಿಚ್ಚಿ ಕುದಿವ ನೀರಿಗೆ ಹಾಕಿ. ಬಿಸಿನೀರಿನಲ್ಲಿ ಸೋಪು ಹಚ್ಚಿ ಮೈ ಉಜ್ಜಿ ಸ್ನಾನ ಮಾಡಿ. ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡ ಹುಡುಕಿ. ಬೆನ್ನನ್ನು ಇನ್ನೊಬ್ಬರು ನೋಡಲಿ. ಕಚ್ಚಿ ಹಿಡಿದ ಉಣುಗು ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಬೀಡಿ ಬೆಂಕಿ ತಾಗಿಸುವುದು, ಸುಣ್ಣ, ಸೀಮೆಎಣ್ಣೆ ಹಚ್ಚುವುದು ಬೇಡ.

ಕೆಲಸಕ್ಕೆ ಕರೆಯುವವರು ಗಂಬೂಟು, ಎಣ್ಣೆ, ಸೋಪು, ಒಂದು ಹಂಡೆ ಬಿಸಿನೀರು ಕೊಡುವುದನ್ನು ಮಧ್ಯಾಹ್ನದ ಊಟದಷ್ಟೇ ಮಾಮೂಲು ಮಾಡಿಕೊಳ್ಳಬೇಕು. ಹಂಡೆ ಒಲೆಗೆ ಅಡಿಕೆ ಸಿಪ್ಪೆ ಇದ್ದೇ ಇದೆ.

ಮಂಗ ಸತ್ತರೆ ಮುಟ್ಟಬೇಡಿ

ಜೀವ ಹೋದ ಮಂಗನ ಮೈ ತಣ್ಣಗಾದ ಕೂಡಲೇ ಉಣುಗು ಇಳಿದು ಸುತ್ತ ಹರಡುತ್ತವೆ. 2012ರಲ್ಲಿ ಬಂಡೀಪುರದ ಕಡೆ ಕಾಯಿಲೆ ಬಿದ್ದವರಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದ ಅರಣ್ಯ ಕೆಲಸಗಾರರೂ ಇದ್ದರು. ಹಾಗಾಗಿ ನೀವೇ ಹೂಳುವುದು, ಸುಡುವುದು ಬೇಡ. ಹೂವು ಹಾಕಿ ಪೂಜೆ ಮಾಡುವವರಿದ್ದರೆ ದೂರದಿಂದಲೇ ಕೈಮುಗಿಯಲಿ. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಂಚಾಯಿತಿಗೆ, ಅರಣ್ಯ ಇಲಾಖೆಗೆ ಅದೇ ದಿನ ತಿಳಿಸಿ. ತೋಟಕ್ಕೆ ಉಪದ್ರವ ಕೊಡುವ ಮಂಗಗಳನ್ನು ಹಿಡಿಸಿ ಇನ್ನೊಂದು ಊರಿನ ಕಾಡಿಗೆ ಬಿಡುವುದೂ ಸರಿಯಲ್ಲ. ಮಂಗದ ಜೊತೆ ಉಣುಗೂ ಪ್ರಯಾಣ ಮಾಡುತ್ತದೆ.

ಜ್ವರ ಬಂದರೆ

ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡ ಹಿಂಡುವ ನೋವು, ಕಣ್ಣು ಕೆಂಪು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. 100 ಜನರಲ್ಲಿ 10ರಿಂದ 20 ಜನರಿಗೆ ಜ್ವರ ಬಿಟ್ಟು ಒಂದೆರಡು ವಾರ ಆದ ಮೇಲೆ ಮತ್ತೆ ಬಂದು ತಲೆನೋವು, ಕತ್ತು ಸೆಟೆಯುವುದು, ಕೈ ನಡುಕ, ಮಂಕು ಕಾಣಿಸುತ್ತದೆ. 100ರಲ್ಲಿ 3ರಿಂದ 5 ಜನ ಸಾಯುತ್ತಾರೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮನೆಯವರು ಹತ್ತಿರ ಕೂತು ಆರೈಕೆ ಮಾಡಬಹುದು.

ವೈರಸ್ ಕೊಲ್ಲುವ ಮದ್ದು ಇಲ್ಲ. ಆದರೆ ಬೇಗ ಸೇರಿಸಿ ಡ್ರಿಪ್ ಕೊಟ್ಟು, ರಕ್ತದೊತ್ತಡ ಮತ್ತು ಪ್ಲೇಟ್‌ಲೆಟ್ ನೋಡಿಕೊಂಡರೆ ಬಹಳ ಜನ ಉಳಿಯುತ್ತಾರೆ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಪರೀಕ್ಷೆಗೆಂದೇ ಶಿವಮೊಗ್ಗದಲ್ಲಿ ವೈರಸ್ ಪ್ರಯೋಗಾಲಯ ಇದೆ. ಆರೋಗ್ಯ ಕೇಂದ್ರದವರೇ ರಕ್ತ ಕಳಿಸುತ್ತಾರೆ.

ಲಸಿಕೆ ಇದೆಯಲ್ಲ ಎಂದು ಈಗಲೂ ಕೇಳುವವರಿದ್ದಾರೆ. 1990ರಿಂದ ನಮ್ಮಲ್ಲಿ ಹಾಕುತ್ತಿದ್ದ ಲಸಿಕೆಯ ಶಕ್ತಿ ಸಾಲದು ಎಂದು ಕಂಡುಬಂದು 2022ರಲ್ಲಿ ನಿಂತಿತು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡೆಯಿಂದ ನಡೆದಿದೆ. ಅದು ಕೈಗೆ ಬರುವ ತನಕ ಮೈ ಕಾಯುವುದು ಎಣ್ಣೆ, ಬಟ್ಟೆ, ಬಿಸಿನೀರು.

ಬೆಂಗಳೂರಿನ ಬಸ್ಸು ಹತ್ತುವವರಿಗೆ

ಇದನ್ನು ಬರೆಯುತ್ತಿರುವುದು ಬೆಂಗಳೂರಿನ ಗಿರಿನಗರದಲ್ಲಿ, ಮಗನ ಮನೆಯಲ್ಲಿ ಕೂತು. ಈ ಬಡಾವಣೆಯಲ್ಲಿ, ಪಕ್ಕದ ಬನಶಂಕರಿ, ಹೊಸಕೆರೆಹಳ್ಳಿ ಕಡೆ ನಮ್ಮ ಮಲೆನಾಡಿನ ಮಕ್ಕಳು ಎಷ್ಟು ಜನ! ಅಡಿಕೆ ಸುಲಿಯುವ ಹೊತ್ತಿಗೆ, ಮದುವೆ, ದೇವಕಾರ್ಯಕ್ಕೆ, ಬೇಸಿಗೆ ರಜೆಗೆ ಊರಿಗೆ ಬರುತ್ತಾರೆ. ಬೆಟ್ಟ ಸುತ್ತುತ್ತಾರೆ, ಕೊಟ್ಟಿಗೆಯಲ್ಲಿ ಕರುವಿನ ಜೊತೆ ಆಡುತ್ತಾರೆ, ರಾತ್ರಿ ಬಸ್ಸು ಹತ್ತುತ್ತಾರೆ. ಜ್ವರ ಬರುವುದು ಇಲ್ಲಿಗೆ ಬಂದು ನಾಲ್ಕೈದು ದಿನಕ್ಕೆ. ಪ್ಲೇಟ್‌ಲೆಟ್ ಕಡಿಮೆ ಕಂಡರೆ ಊರಿನ ಡಾಕ್ಟರಿಗೆ ಮೊದಲು ನೆನಪಾಗುವುದು ಡೆಂಗಿ. ಅದು ಅವರ ತಪ್ಪಲ್ಲ. ಗಿರಿನಗರದಲ್ಲಿ ಮಂಗನ ಕಾಯಿಲೆ ಇಲ್ಲವಲ್ಲ. ಆದ್ದರಿಂದ ಕೇಳುವ ಮೊದಲೇ ನೀವೇ ಹೇಳಬೇಕು: "ಇಂಥ ದಿನ ಸಾಗರದ ಕಡೆ ಹೋಗಿದ್ದೆ, ಕಾಡಿಗೆ ಹೋಗಿದ್ದೆ, ಆ ಕಡೆ ಮಂಗನ ಕಾಯಿಲೆ ಇದೆ." ಈ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಎರಡು ದಿನ ಮೊದಲೇ ಆಗಬಹುದು. ಊರಲ್ಲಿರುವ ಅಪ್ಪ ಅಮ್ಮಂದಿರು ಮಕ್ಕಳನ್ನು ಬಸ್ಸು ಹತ್ತಿಸುವಾಗ ಹಪ್ಪಳ, ಉಪ್ಪಿನಕಾಯಿಯ ಜೊತೆ ಈ ಮಾತನ್ನೂ ಕಟ್ಟಿಕೊಡಲಿ.

ನಮ್ಮ ಕೇರಿಯಲ್ಲಿ ಮಳೆಗೆ ಮೊದಲು ಸೊಸೈಟಿಯ ಹಾಲು ಹಾಕುವ ಜಾಗದಲ್ಲೇ ಎಲ್ಲರೂ ಸೇರಿ ಮದ್ದಿನ ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಪಶು ಆಸ್ಪತ್ರೆಯವರಿಗೂ ಮೊದಲೇ ಹೇಳಿಡುತ್ತೇವೆ. ಕಾಡಿನ ಎಲ್ಲ ಉಣುಗನ್ನೂ ಇದರಿಂದ ಮುಗಿಸುತ್ತೇವೆ ಎಂಬ ಭ್ರಮೆ ಇಲ್ಲ. ಕಡವೆ, ಕಾಡುಕೋಣಕ್ಕೆ ಮದ್ದು ಹಾಕುವವರು ಯಾರು? ಆದರೆ ನಮ್ಮ ಕೊಟ್ಟಿಗೆಯಿಂದ ಬೆಟ್ಟಕ್ಕೆ ಹೋಗುವಷ್ಟನ್ನಾದರೂ ತಡೆಯುವುದು ನಮ್ಮ ಕೈಯಲ್ಲಿದೆ. ನಿಮ್ಮ ಊರಿನಲ್ಲಿ ದರಕಿಗೆ ಬದಲಾಗಿ ಏನು ಹಾಸುತ್ತೀರಿ, ಅದು ಗೊಬ್ಬರವಾಗಿ ಹೇಗೆ ಬಂತು ಎಂಬುದನ್ನು ಬರೆದು ತಿಳಿಸಿ. ಎಲ್ಲರಿಗೂ ಉಪಯೋಗವಾದೀತು.